ಡಿಸ್ನಿ ವರ್ಲ್ಡ್‌ನಲ್ಲಿ ಊಟಕ್ಕೆ ಮೊದಲೇ ದುಡ್ಡು ಕಟ್ಟಿದ್ದೇವೆ, ಮತ್ತೆ ಟಿಪ್ಸ್ ಕೊಡಬೇಕಾ?

ಕೊಡಬೇಕು. ನೀವು ಚಿತ್ರದುರ್ಗದವರು, ಗಂಡ-ಹೆಂಡತಿ ಇಬ್ಬರೂ ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳ ಜೊತೆ ಅಮೆರಿಕದ ಒರ್ಲಾಂಡೋದ ಡಿಸ್ನಿ ವರ್ಲ್ಡ್‌ಗೆ ಹೊರಟಿದ್ದೀರಿ, ಅಳಿಯಂದಿರು ಡೈನಿಂಗ್ ಪ್ಲಾನ್‌ಗೆ ದುಡ್ಡು ಕಟ್ಟಿಯಾಗಿದೆ ಅಂತ ಬರೆದಿದ್ದೀರಿ. ಆ ದುಡ್ಡಲ್ಲಿ ಊಟ ಬಂತು, ಅದರ ಮೇಲಿನ ಟ್ಯಾಕ್ಸ್ ಬಂತು. ಟಿಪ್ಸ್ ಬರಲಿಲ್ಲ. ಮೊದಲು ಅದೂ ಸೇರಿರುತ್ತಿತ್ತು, 2008ರಿಂದ ತೆಗೆದುಬಿಟ್ಟರು. ಯಾವುದೋ ಕಾಲದಲ್ಲಿ ಹೋಗಿಬಂದ ನೆಂಟರು 'ಎಲ್ಲಾ ಅದರಲ್ಲೇ ಇರುತ್ತೆ' ಅಂದರೆ ನಂಬಬೇಡಿ.

ನಮ್ಮದು ದಾವಣಗೆರೆಯಲ್ಲಿ ಚಿಕ್ಕ ಹೋಟೆಲ್. ಮಗ ಇದೇ ಪ್ಲಾನ್ ತಗೊಂಡು ನಮ್ಮನ್ನು ಕರೆದುಕೊಂಡು ಹೋಗಿದ್ದ. ಅಲ್ಲಿ ನನ್ನ ಕಣ್ಣು ಮಿಕ್ಕಿ ಮೌಸ್‌ಗಿಂತ ಸಪ್ಲೈಯರ್‌ಗಳ ಮೇಲೇ ಜಾಸ್ತಿ ಇತ್ತು, ಕಸುಬಿನ ಚಾಳಿ. ನಮ್ಮಲ್ಲಿ ಬೆಣ್ಣೆದೋಸೆ ತಿಂದವರು ಹತ್ತೋ ಇಪ್ಪತ್ತೋ ರೂಪಾಯಿ ಬಿಟ್ಟು ಹೋದರೆ ಅದು ಅವರ ಖುಷಿ. ಬಿಡದಿದ್ದರೂ ಹುಡುಗನ ಸಂಬಳದಲ್ಲಿ ಒಂದು ರೂಪಾಯಿ ಕಡಿಮೆ ಆಗಲ್ಲ. ಅಲ್ಲಿ ಹಾಗಲ್ಲ. ಒರ್ಲಾಂಡೋ ಇರುವ ಫ್ಲೋರಿಡಾ ರಾಜ್ಯದಲ್ಲಿ 2025ರ ಸೆಪ್ಟೆಂಬರ್ 30ರಿಂದ ಕನಿಷ್ಠ ಕೂಲಿ ಗಂಟೆಗೆ 14 ಡಾಲರ್. ಆದರೆ ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕ 10.98 ಡಾಲರ್ ಕೊಟ್ಟರೆ ಸಾಕು, ಬಾಕಿ 3.02 ಟಿಪ್ಸ್‌ನಲ್ಲಿ ಹುಟ್ಟುತ್ತೆ ಅಂತ ಕಾನೂನೇ ಲೆಕ್ಕ ಹಾಕಿದೆ. ಹುಟ್ಟದಿದ್ದರೆ ಮಾಲೀಕ ತುಂಬಿಕೊಡಬೇಕು, ಅದು ಬೇರೆ ಮಾತು. ಅಮೆರಿಕದ ಕೇಂದ್ರ ಕಾನೂನಂತೂ ಇನ್ನೂ ವಿಚಿತ್ರ: ಇಂಥ ಕೆಲಸಕ್ಕೆ 1991ರಿಂದ ಇವತ್ತಿನವರೆಗೂ ಗಂಟೆಗೆ 2.13 ಡಾಲರೇ. ನನ್ನನ್ನು ಕೇಳಿದರೆ ಇದು ಕೆಟ್ಟ ಪದ್ಧತಿ. ಸಂಬಳ ಕೊಡುವುದು ಮಾಲೀಕನ ಕೆಲಸ, ಗಿರಾಕಿಯದ್ದಲ್ಲ. ಆದರೆ ನಮ್ಮ ಸಿಟ್ಟನ್ನು ತಟ್ಟೆ ತಂದ ಹುಡುಗಿಯ ಮೇಲೆ ತೀರಿಸಿಕೊಂಡರೆ ಏನು ಬಂತು?

ಪ್ಲಾನ್ ಇದ್ದವರು ಎಡವುವುದು ಕೊನೆಗೆ ಬಿಲ್ ಬಂದಾಗ. ಊಟದ ಲೆಕ್ಕ ಕ್ರೆಡಿಟ್‌ನಲ್ಲಿ, ಅಂದರೆ ಪ್ಲಾನ್‌ನಲ್ಲಿ ಮೊದಲೇ ಕೊಂಡ ಊಟದ ಪಾಲಿನಲ್ಲಿ, ಮುರಿದುಹೋಗಿರುತ್ತೆ. ಕೊಡಬೇಕಾದ ದುಡ್ಡು ಸೊನ್ನೆ ಅಂತ ಕಾಣುತ್ತೆ, ಜನ ಎದ್ದು ನಡೆಯುತ್ತಾರೆ. ಹಾಗೆ ಏಳಬೇಡಿ. ಮೆನುವಿನಲ್ಲಿರುವ ಬೆಲೆಯ ಪ್ರಕಾರ ನೀವು ತಿಂದಿದ್ದು ಎಷ್ಟಾಯ್ತು ನೋಡಿ, ಅದರ ಮೇಲೆ ನೂರಕ್ಕೆ 18ರಿಂದ 20 ಲೆಕ್ಕ ಹಾಕಿ. ನೂರು ಡಾಲರ್ ಊಟಕ್ಕೆ ಹದಿನೆಂಟೋ ಇಪ್ಪತ್ತೋ. ನಗದೇ ಆಗಬೇಕು ಅಂತಿಲ್ಲ, ರೂಮಿನ ಲೆಕ್ಕಕ್ಕೆ ಬರೆಸಬಹುದು.

ಆದರೆ ನೀವು ಆರು ಜನ ಅಂದಿರಿ, ಅಲ್ವಾ? ಹಾಗಾದರೆ ಈ ಯೋಚನೆಯೇ ನಿಮಗಿಲ್ಲ. ಒಂದು ಟೇಬಲ್‌ಗೆ ಆರು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಡಿಸ್ನಿಯವರೇ 18% ಸೇರಿಸಿಬಿಡುತ್ತಾರೆ, ಪ್ಲಾನ್ ಇರಲಿ ಬಿಡಲಿ. ನೀವು ನೋಡಿಕೊಳ್ಳಬೇಕಾದ್ದು ಬೇರೆ. ಅದೇ ಬಿಲ್‌ನ ಕೆಳಗೆ ಇನ್ನಷ್ಟು ಟಿಪ್ಸ್ ಬರೆಯಲು ಖಾಲಿ ಜಾಗ ಇರುತ್ತೆ. ಮೇಲಿನ ಸಾಲು ಓದದೆ ಅಲ್ಲೂ ಬರೆದರೆ ಎರಡು ಸಲ ಕೊಟ್ಟ ಹಾಗೆ. ನಮ್ಮ ದೇಶದಲ್ಲಿ ಹೋಟೆಲ್‌ನವರು ತಾವಾಗಿಯೇ ಸರ್ವಿಸ್ ಚಾರ್ಜ್ ಸೇರಿಸಬಾರದು ಅಂತ ಗ್ರಾಹಕ ಪ್ರಾಧಿಕಾರ 2022ರಲ್ಲಿ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಆ ವಾದ ಅಲ್ಲಿ ನಡೆಯಲ್ಲ, ಸುಮ್ನೆ ಬಾಯಿ ನೋಯಿಸಿಕೊಳ್ಳಬೇಡಿ.

ಕೌಂಟರ್‌ನಲ್ಲಿ ನಾವೇ ತಂದುಕೊಳ್ಳುವ ಕ್ವಿಕ್ ಸರ್ವಿಸ್ ಊಟಕ್ಕೆ, ಸ್ನ್ಯಾಕ್ಸ್‌ಗೆ ಟಿಪ್ಸ್ ಬೇಡ. ಬಫೆಗೆ ಬೇಕು, ಏಕೆಂದರೆ ಕುಡಿಯಲು ತಂದುಕೊಡುವವರು, ತಟ್ಟೆ ತೆಗೆಯುವವರು ಇರುತ್ತಾರೆ. ಹೂಪ್-ಡೀ-ಡೂ ಅನ್ನೋ ಹಾಡು-ಕುಣಿತದ ಊಟದ ಶೋ ಇದೆ, ಅದರ ಬೆಲೆಯಲ್ಲಿ ಟಿಪ್ಸ್ ಸೇರಿರುತ್ತೆ.

ಪ್ಲಾನ್‌ನವರು ಅಂತ ಗೊತ್ತಾದರೆ ಅಸಡ್ಡೆ ಮಾಡ್ತಾರಾ ಅಂತ ಕೇಳಿದ್ದೀರಿ. ನಾನು ಕಂಡಂತೆ ಇಲ್ಲ. ಕೂತ ತಕ್ಷಣ ನೀವೇ ಹೇಳಿಬಿಡುವುದು ಒಳ್ಳೆಯದು. ಪ್ಲಾನ್‌ನಲ್ಲಿ ಏನು ಬರುತ್ತೆ, ಏನು ಬರಲ್ಲ ಅಂತ ಅವರೇ ವಿವರಿಸುತ್ತಾರೆ. ರಾತ್ರಿ ಊಟದಲ್ಲಿ ಸ್ವೀಟ್ ಸೇರಿರುತ್ತೆ, ಬಿಡಬೇಡಿ. ದುಬಾರಿ ರೆಸ್ಟೋರೆಂಟ್‌ಗಳಲ್ಲಿ ಒಂದು ಊಟಕ್ಕೆ ಎರಡು ಕ್ರೆಡಿಟ್ ಹೋಗುತ್ತೆ, ಇದನ್ನು ಬುಕ್ ಮಾಡುವಾಗಲೇ ಅಳಿಯಂದಿರಿಗೆ ನೆನಪಿಸಿ. ಇನ್ನೊಂದು ಮಾತು. ಅಲ್ಲಿ ತಟ್ಟೆ ಖಾಲಿಯಾದ ಕೂಡಲೇ ಎತ್ತುತ್ತಾರೆ, ಕೇಳುವ ಮೊದಲೇ ಬಿಲ್ ತಂದಿಡುತ್ತಾರೆ. ನನ್ನ ಮನೆಯವರಿಗೆ 'ಎದ್ದು ಹೋಗಿ ಅಂತಿದ್ದಾರೇನೋ' ಅನ್ನಿಸಿತ್ತು. ಹಾಗೇನಿಲ್ಲ, ಅಲ್ಲಿನ ರೂಢಿಯೇ ಅದು. ಭಾನುವಾರ ಬೆಳಿಗ್ಗೆ ನಮ್ಮ ಹೋಟೆಲ್‌ನಲ್ಲೂ ಟೇಬಲ್ ಹಿಂದೆ ಜನ ನಿಂತಿರುವಾಗ ನಾವು ಮಾಡುವುದು ಅದನ್ನೇ.

ನೀವು ಸಸ್ಯಾಹಾರಿಗಳಾದರೆ ಅದನ್ನೂ ಮೊದಲೇ ಹೇಳಿ, ಮೊಟ್ಟೆ ಬೇಡ ಅಂತ ಬಿಡಿಸಿ ಹೇಳಿ. ಮೆನುವಿನಲ್ಲಿ ಎಲೆಯ ಗುರುತು ಇದ್ದರೆ ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದೂ ಇರಲ್ಲ. ಡಿಸ್ನಿಯವರದೇ ವಸತಿ ಹೋಟೆಲ್ ಆದ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಸನಾ ರೆಸ್ಟೋರೆಂಟ್‌ನಲ್ಲಿ ನಾನ್ ಜೊತೆಗೆ ಚಟ್ನಿ, ಉಪ್ಪಿನಕಾಯಿ ಎಲ್ಲ ತಂದಿಡುತ್ತಾರೆ. ಕಿಟಕಿಯಾಚೆ ಜಿರಾಫೆ ಓಡಾಡುತ್ತಿರುತ್ತವೆ, ಮೊಮ್ಮಕ್ಕಳು ಏಳುವುದೇ ಇಲ್ಲ.

ಟಿಪ್ಸ್‌ಗೆ ಅಂತ ದುಡ್ಡು ಬೇರೆ ತೆಗೆದಿಡಲು ಅಳಿಯಂದಿರಿಗೆ ಈಗಲೇ ಹೇಳಿ. ಮಿಕ್ಕ ಕ್ರೆಡಿಟ್‌ನಲ್ಲಿ ಟಿಪ್ಸ್ ಕೊಡಲು ಬರಲ್ಲ, ರೂಮು ಖಾಲಿ ಮಾಡುವ ದಿನ ಮಧ್ಯರಾತ್ರಿಗೆ ಅವು ಹೋಗಿಬಿಡುತ್ತವೆ.