‘ಹೊರಡೋಣ’ ಅಂದ ಮೇಲೆ ಯಾಕೆ ಅಂತ ಕೇಳಬಾರದು

ಮನೆಯಲ್ಲೇ ಹೆರಿಗೆ ಆಗಬೇಕು ಅಂತ ಆಸೆಪಟ್ಟು ಬರುವವರು ನನ್ನ ಹತ್ತಿರ ಈಚೆಗೆ ಜಾಸ್ತಿ. ಸಲಹೆ ಕೇಳಲು ಬರುವವರು ಕಡಿಮೆ. “ಅಮ್ಮನನ್ನ ಒಪ್ಪಿಸಿಕೊಡಿ ಮೇಡಂ” ಅನ್ನುವವರೇ ಹೆಚ್ಚು.

ಸುಮಾ (ಹೆಸರು ಬದಲಿಸಿದ್ದೇನೆ) ಬಂದಾಗ ಏಳು ತಿಂಗಳು. ಚೊಚ್ಚಲು. ಬೆಂಗಳೂರಿನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ, ಲಿಫ್ಟ್ ಇಲ್ಲ. ಅವಳ ಅಕ್ಕ ಹೆರಿಗೆ ವಾರ್ಡಿನಲ್ಲಿ ಬೈಸಿಕೊಂಡಿದ್ದು ಮನಸ್ಸಿನಲ್ಲಿ ಉಳಿದಿತ್ತು. ಅಜ್ಜಿಯ ಅಷ್ಟೂ ಹೆರಿಗೆಗಳನ್ನು ಊರಿನ ಸೂಲಗಿತ್ತಿಯೇ ಮಾಡಿಸಿದ್ದರು. ಸುಮಾ ಮತ್ತು ಅವಳ ಗಂಡ, ನರ್ಸಿಂಗ್ ಓದಿ ಹೆರಿಗೆ ಮಾಡಿಸುವ ತರಬೇತಿ ಪಡೆದ ಮಿಡ್‌ವೈಫ್ ಒಬ್ಬರನ್ನು ಗೊತ್ತು ಮಾಡಿಕೊಂಡಿದ್ದರು. ಇದಕ್ಕೆ ಒಪ್ಪದ ಸುಮಾಳ ತಾಯಿ ಮಾತು ಬಿಟ್ಟಿದ್ದರು.

ಮೂರನೇ ಸಲ ಬರುವಾಗ ಆ ಮಿಡ್‌ವೈಫನ್ನೂ ಕರೆತನ್ನಿ ಅಂದೆ. ಬಂದರು. ಐವತ್ತರ ಆಸುಪಾಸು, ಮಾತು ಕಡಿಮೆ.

“ಆಸ್ಪತ್ರೆಗೆ ಹೋಗೋಣ ಅಂತ ಇವರು ಹೇಳಿದ ಕ್ಷಣ ನೀವಿಬ್ಬರೂ ಏನು ಮಾಡ್ತೀರಿ?” ಅಂತ ಕೇಳಿದೆ.

ಸುಮಾಳ ಗಂಡ ನಕ್ಕರು. “ಅದನ್ನ ಆವಾಗ ನೋಡ್ಕೊಳ್ಳೋಣ ಮೇಡಂ. ಈಗ್ಲೇ ಅಪಶಕುನ ಯಾಕೆ?”

ಮಿಡ್‌ವೈಫ್ ಚೀಲ ಹೆಗಲಿಗೆ ಹಾಕಿಕೊಂಡು ಎದ್ದೇ ಬಿಟ್ಟರು. “ಹಾಗಾದ್ರೆ ನಾನು ಬರಲ್ಲಪ್ಪ.”

ಸುಮಾ ಅಳು ನುಂಗಿಕೊಂಡು “ಯಾಕಕ್ಕ?” ಅಂದಳು.

“ನೋಡು ತಾಯಿ, ಮನೆಗೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಬರುತ್ತಲ್ವಾ? ಹೆರಿಗೆ ಆದ್ಮೇಲೆ ಅಷ್ಟು ರಕ್ತ ಹೋದ್ರೆ ಅಪಾಯ ಶುರು. ಅಷ್ಟಾಗೋ ತನಕ ನಾನು ಕಾಯಲ್ಲ. ಮಗು ಒಳಗೇ ಮಲ ಮಾಡಿ ನೀರು ಹಸಿರಾದ್ರೂ ಕಾಯಲ್ಲ. ಮಾಸು ಬೀಳದಿದ್ರೂ ಕಾಯಲ್ಲ. ಹೊರಡೋಣ ಅಂದಾಗ ನೀವು ಯಾಕೆ ಅಂತ ಕೇಳ್ತಾ ನಿಂತ್ರೆ, ನನ್ನ ಕೈಯಲ್ಲಿ ಏನೂ ಇಲ್ಲ.”

ಅವತ್ತಿನವರೆಗೆ ಆ ಗಂಡಹೆಂಡತಿಗೆ ಆಸ್ಪತ್ರೆಗೆ ಹೋಗುವುದು ಅಂದರೆ ಸೋತ ಹಾಗೆ. ಇಂಗ್ಲೆಂಡಿನಲ್ಲಿ 2011ರಲ್ಲಿ ಹೊರಬಂದ ಒಂದು ದೊಡ್ಡ ಅಧ್ಯಯನದ ಅಂಕಿ ತೋರಿಸಿದೆ. ಮನೆಯಲ್ಲಿ ಚೊಚ್ಚಲ ಹೆರಿಗೆಗೆ ಸಿದ್ಧರಾದ 100 ಜನರಲ್ಲಿ ಸುಮಾರು 45 ಜನರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಈ ಮೊದಲು ಹೆತ್ತವರಲ್ಲಿ ಅದು 12ರಷ್ಟು. ಚೊಚ್ಚಲ ಕೂಸುಗಳಿಗೆ ಮನೆಯಲ್ಲಿ ಅಪಾಯ ತುಸು ಹೆಚ್ಚು ಅಂತಲೂ ಅದರಲ್ಲೇ ಇದೆ. ಅದನ್ನೂ ಮುಚ್ಚಿಡಲಿಲ್ಲ. ಮೊದಲ ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ ಅನ್ನುವುದು ನನ್ನ ಅಭಿಪ್ರಾಯ ಅಂತಲೂ ನೇರವಾಗಿ ಹೇಳಿದೆ.

“ಬೇಡ ಅಂತ ಖಡಾಖಂಡಿತವಾಗಿ ಹೇಳಬೇಕಿತ್ತು” ಅಂತ ಡಾಕ್ಟರ್ ಗೆಳತಿಯೊಬ್ಬಳು ಆಮೇಲೆ ನನ್ನ ಮೇಲೆ ರೇಗಿದಳು. ಅವಳ ಕಳಕಳಿ ಅರ್ಥವಾಗುತ್ತದೆ. ಆದರೆ ಬೇಡ ಅಂದಿದ್ದರೆ ಸುಮಾ ನಾಲ್ಕನೇ ಸಲ ಬರುತ್ತಿರಲಿಲ್ಲ. ಬೈಯುತ್ತಾರೆ ಅಂತ ಹೆದರಿ ಡಾಕ್ಟರಿಗೂ ಹೇಳದೆ, ತಪಾಸಣೆಯನ್ನೂ ಬಿಟ್ಟು, ಬಾಗಿಲು ಹಾಕಿಕೊಂಡು ಕೂತವರನ್ನು ನಾನು ನೋಡಿದ್ದೇನೆ. ನನಗೆ ಹೆಚ್ಚು ಭಯ ಹುಟ್ಟಿಸುವುದು ಆ ಮುಚ್ಚಿದ ಬಾಗಿಲು.

ಹಾಗಾಗಿ ಕೊಟ್ಟ ಸಲಹೆ ಇಷ್ಟು. ಹತ್ತಿರದ ಆಸ್ಪತ್ರೆಯಲ್ಲಿ ಹೆಸರು ಬರೆಸಿ, ತಾಯಿ ಕಾರ್ಡ್ ಮಾಡಿಸಿ, ತಪಾಸಣೆ ತಪ್ಪಿಸಬೇಡಿ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ, ಬಿಪಿ ಏರಿದರೆ, ಮಗು ಅಡ್ಡ ಇದ್ದರೆ ಮನೆಯ ಮಾತು ಅಲ್ಲಿಗೇ ಬಿಡಿ. ಹೊರಡುವ ತೀರ್ಮಾನ ಮಿಡ್‌ವೈಫಿನದು, ಅದರ ಮೇಲೆ ಚರ್ಚೆ ಇಲ್ಲ. ಒಂದು ರಾತ್ರಿ ಮೆಟ್ಟಿಲು ಇಳಿದು, ಕಾರು ತೆಗೆದು, ಆಸ್ಪತ್ರೆ ಮುಟ್ಟಿ ನೋಡಿ.

ಅವರು ನೋಡಿದರು. ಗೇಟಿನ ಬೀಗದ ಕೀ ಮಾಲೀಕರ ಹತ್ತಿರ. ಇವರ ಕಾರಿಗೆ ಅಡ್ಡವಾಗಿ ಕೆಳಮನೆಯವರ ಕಾರು. ಬರೀ ಅಷ್ಟಕ್ಕೇ 20 ನಿಮಿಷ! ಮರುದಿನವೇ ಇನ್ನೊಂದು ಕೀ ಮಾಡಿಸಿದರು.

ದಿನ ತುಂಬಿ ನೋವು ಬಂತು. ನಡುರಾತ್ರಿ ನೀರು ಒಡೆದಾಗ ಹಸಿರಾಗಿತ್ತು. ಮಿಡ್‌ವೈಫ್ ಹೊರಡೋಣ ಅಂದರು. ಯಾರೂ ಯಾಕೆ ಅನ್ನಲಿಲ್ಲ. ಬೆಳಗಿನ ಜಾವ ಆಸ್ಪತ್ರೆಯಲ್ಲಿ ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ.

ಆದರೆ ಹೆರಿಗೆ ಕೋಣೆಯ ಬಾಗಿಲಲ್ಲಿ ಮಿಡ್‌ವೈಫನ್ನು ತಡೆದರು. ಸುಮಾ ಒಬ್ಬಳೇ ಒಳಗೆ ಹೋದಳು. “ಮಿಡ್‌ವೈಫ್ ಅಕ್ಕನ ಕೈ ಬಿಡಿಸಿದಾಗ ಭಯ ಆಯ್ತು ಮೇಡಂ” ಅಂದಳು. ಅಷ್ಟೆಲ್ಲ ಯೋಚಿಸಿದ ನಾನು ಇದನ್ನು ಯೋಚಿಸಿರಲಿಲ್ಲ. ಹೆರಿಗೆಗೆ ಜೊತೆಗಾತಿಯೊಬ್ಬಳು ಇರಲಿ ಅಂತ ಸರ್ಕಾರಿ ಆಸ್ಪತ್ರೆಗಳಿಗೆ ಕೇಂದ್ರ ಸರ್ಕಾರದ 2017ರ ‘ಲಕ್ಷ್ಯ’ ಕಾರ್ಯಕ್ರಮವೇ ಹೇಳುತ್ತದೆ. ಈಗ ನನ್ನಲ್ಲಿಗೆ ಬರುವವರಿಗೆ ಹೇಳುತ್ತೇನೆ: ಹೆಸರು ಬರೆಸುವ ದಿನವೇ ಕೇಳಿ, ನಮ್ಮ ಜೊತೆ ಯಾರನ್ನ ಒಳಗೆ ಬಿಡ್ತೀರಿ ಅಂತ.