ಮಕ್ಕಳೇ ಹೊಣೆ ಹೊರುವ ಸಣ್ಣ ಹೈಸ್ಕೂಲು ನಮ್ಮ ಕಡೆ ನಡೆದೀತೇ?

ಉಳಿದವರಿಗೂ ಅನುಕೂಲವಾಗಲಿ ಎಂದು ನಿಮ್ಮ ಪ್ರಶ್ನೆಯನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಮುಧೋಳ ತಾಲೂಕಿನಲ್ಲಿ ಏಳನೇ ಇಯತ್ತೆವರೆಗೆ ಕನ್ನಡ ಮಾಧ್ಯಮದ ಶಾಲೆ ನಡೆಸುತ್ತಿದ್ದೀರಿ. ಈಗ ಎಂಟು, ಒಂಬತ್ತು, ಹತ್ತು ಸೇರಿಸಬೇಕು, ಮೂರೂ ಸೇರಿ 45 ಮಕ್ಕಳನ್ನು ದಾಟಬಾರದು, ಓದಿನ ಹೊಣೆಯನ್ನೂ ಶಾಲೆ ನಡೆಸುವ ಹೊಣೆಯನ್ನೂ ಮಕ್ಕಳು ಹೊರಬೇಕು ಅನ್ನುವುದು ನಿಮ್ಮ ಆಸೆ. ಟ್ರಸ್ಟಿನ ಹಿರಿಯರು ಕೇಳುತ್ತಿರುವುದು: ಹುಡುಗರ ಕೈಗೆ ಬಿಟ್ಟರೆ ಎಸ್ಸೆಸ್ಸೆಲ್ಸಿ ಗತಿ ಏನು?

ನಡೆಯುತ್ತದೆ, ಒಂದು ಷರತ್ತಿನ ಮೇಲೆ. ಮಕ್ಕಳಿಗೆ ಬಿಟ್ಟುಕೊಡುವುದು ಎಷ್ಟೇ ಸಣ್ಣದಿರಲಿ, ಅದನ್ನು ಪೂರ್ತಿ ಬಿಟ್ಟುಕೊಡಬೇಕು. ಇಂಥ ಶಾಲೆಗಳು ಕೆಡುವ ಬಗೆ ಬಹುತೇಕ ಒಂದೇ. ಜೂನ್‌ನಲ್ಲಿ ‘ಇದು ನಿಮ್ಮ ಶಾಲೆ, ನೀವೇ ನಡೆಸಿ’ ಎಂದು ಸಾರುತ್ತಾರೆ. ಆಗಸ್ಟ್‌ನಲ್ಲಿ ಮಕ್ಕಳ ಸಭೆ ಒಂದು ಪೆದ್ದ ನಿರ್ಧಾರ ಮಾಡುತ್ತದೆ. ಹೆಡ್ ಮಾಸ್ತರರು ಅದನ್ನು ರದ್ದು ಮಾಡುತ್ತಾರೆ. ಅಲ್ಲಿಂದ ಮುಂದೆ ಸಭೆ ನಾಟಕವಾಗುತ್ತದೆ, ಮಕ್ಕಳಿಗೂ ಅದು ಗೊತ್ತಿರುತ್ತದೆ.

ಮಾದರಿ ಯಾವುದು ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಇಂಗ್ಲೆಂಡಿನ ಸಫೋಕ್‌ನಲ್ಲಿರುವ ಸಮ್ಮರ್‌ಹಿಲ್ (1921ರಲ್ಲಿ ಎ.ಎಸ್. ನೀಲ್ ಕಟ್ಟಿದ್ದು), ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನ ಸಡ್‌ಬರಿ ವ್ಯಾಲಿ (1968) ಎರಡರಲ್ಲೂ ತರಗತಿಗೆ ಹೋಗುವುದು ಬಿಡುವುದು ಮಕ್ಕಳ ಇಷ್ಟ. ಅದು ಇಲ್ಲಿ ಆಗುವ ಮಾತಲ್ಲ. ಎಸ್ಸೆಸ್ಸೆಲ್ಸಿಗೆ ಶೇ 75 ಹಾಜರಿ ಬೇಕು, ಪಠ್ಯ ನಿಗದಿಯಾಗಿದೆ. ಆ ಎರಡು ಶಾಲೆಗಳಿಂದ ಸಭೆ ನಡೆಸುವ ಪದ್ಧತಿಯನ್ನಷ್ಟೇ ತೆಗೆದುಕೊಳ್ಳಿ. ಓದಿಗೆ ಹೆಚ್ಚು ಹೊಂದುವುದು ಡಾಲ್ಟನ್ ಯೋಜನೆ: ಹೆಲೆನ್ ಪಾರ್ಕ್‌ಹರ್ಸ್ಟ್ 1920ರಲ್ಲಿ ಮ್ಯಾಸಚೂಸೆಟ್ಸ್‌ನ ಡಾಲ್ಟನ್ ಪಟ್ಟಣದ ಹೈಸ್ಕೂಲಿನಲ್ಲಿ ಜಾರಿಗೆ ತಂದದ್ದು. ಅದರಲ್ಲಿ ಏನು ಕಲಿಯಬೇಕು ಅನ್ನುವುದು ನಿಗದಿ. ಯಾವಾಗ, ಯಾವ ಕ್ರಮದಲ್ಲಿ, ಯಾರ ಜೊತೆ ಕೂತು ಅನ್ನುವುದು ವಿದ್ಯಾರ್ಥಿಯ ಕೈಯಲ್ಲಿ. ರಾಜ್ಯದ ಪಠ್ಯಪುಸ್ತಕ ಇಟ್ಟುಕೊಂಡೇ ಇದನ್ನು ಮಾಡಬಹುದು.

ಕೆಲಸ ಹೀಗೆ. ಪ್ರತಿ ವಿಷಯಕ್ಕೆ ತಿಂಗಳಿಗೊಂದು ಕರಾರು ಹಾಳೆ, ಅಂದರೆ ಆ ತಿಂಗಳು ಮುಗಿಸುತ್ತೇನೆಂದು ವಿದ್ಯಾರ್ಥಿ ಒಪ್ಪಿಕೊಳ್ಳುವ ಕೆಲಸದ ಪಟ್ಟಿ. ಅದರಲ್ಲಿ 20 ತುಂಡು ಕೆಲಸ, ಅಂದರೆ ನಾಲ್ಕು ವಾರ, ವಾರಕ್ಕೆ ಐದು. ಆರು ವಿಷಯಕ್ಕೆ 120 ತುಂಡು. ಪ್ರತಿ ವಿದ್ಯಾರ್ಥಿಗೆ ಒಂದು ದಪ್ಪ ಕಾರ್ಡು: ಆರು ಕಂಬ, ಕಂಬಕ್ಕೆ 20 ಚೌಕ. ತುಂಡು ಮುಗಿದಂತೆ ಅವರೇ ಚೌಕಕ್ಕೆ ಬಣ್ಣ ಹಚ್ಚುತ್ತಾರೆ. ಬೆಳಗಿನ ಮೊದಲ ಎರಡು ತಾಸು ತರಗತಿ ಇರುವುದಿಲ್ಲ. ಮೂರು ಕೋಣೆ ತೆರೆದಿರುತ್ತವೆ (ಭಾಷೆ, ಗಣಿತ-ವಿಜ್ಞಾನ, ಸಮಾಜ), ಪ್ರತಿ ಕೋಣೆಯಲ್ಲಿ ಒಬ್ಬ ಶಿಕ್ಷಕರು, ಮೂರೂ ಇಯತ್ತೆಯ ಮಕ್ಕಳು ಬೇಕಾದಲ್ಲಿ ಕೂರುತ್ತಾರೆ. ಮಧ್ಯಾಹ್ನ ಎಂದಿನಂತೆ ಪಾಠ. ಗಣಿತ ಮತ್ತು ಇಂಗ್ಲಿಷಿಗೆ ದಿನಕ್ಕೊಂದು ಅವಧಿಯ ಪಾಠವನ್ನು ಬಿಡಬೇಡಿ. ಆ ಎರಡರಲ್ಲಿ ಒಮ್ಮೆ ಹಿಂದೆ ಬಿದ್ದವರು ಹಾಳೆ ನೋಡಿಕೊಂಡು ತಾವಾಗಿ ಮೇಲೆ ಬರುವುದು ಕಡಿಮೆ.

ಇದರಲ್ಲಿ ಕೆಡುವುದು ಎರಡು ಕಡೆ. ಮೊದಲನೆಯದು, ಮಕ್ಕಳು ಇಷ್ಟದ ವಿಷಯದ ಚೌಕಗಳನ್ನೆಲ್ಲ ಮೊದಲ ವಾರದಲ್ಲೇ ತುಂಬಿ, ಬೇಡವಾದದ್ದನ್ನು ತಿಂಗಳ ಕೊನೆಗೆ ತಳ್ಳುತ್ತಾರೆ. ಕೊನೆಯ ಎರಡು ದಿನ ಬರೀ ಕಾಪಿ. ಇದಕ್ಕೆ ನಿಯಮ: ಯಾವ ಕಂಬವೂ ಇನ್ನೊಂದಕ್ಕಿಂತ ಐದು ಚೌಕಕ್ಕಿಂತ ಹೆಚ್ಚು ಮುಂದೆ ಹೋಗುವಂತಿಲ್ಲ. ಜೊತೆಗೆ, ಈ ತಿಂಗಳ ಆರೂ ಕರಾರು ಮುಗಿಯದೆ ಮುಂದಿನ ತಿಂಗಳ ಒಂದು ಹಾಳೆಯೂ ಸಿಗುವುದಿಲ್ಲ. ಈ ಎರಡನೇ ನಿಯಮ ಮೂಲ ಯೋಜನೆಯದ್ದೇ.

ಎರಡನೆಯದು ಇದಕ್ಕಿಂತ ದೊಡ್ಡದು, ಅದು ಶಿಕ್ಷಕರ ಕಡೆಯಿಂದ ಆಗುವುದು. ‘ಪುಟ 34ರಿಂದ 41 ಓದಿ, ಅಭ್ಯಾಸದ ಪ್ರಶ್ನೆಗಳಿಗೆ ಉತ್ತರ ಬರೆಯಿರಿ’ ಎಂದು ಹಾಳೆ ಬರೆದರೆ ಪೇಟೆಯ ಗೈಡು ತೆರೆದುಕೊಳ್ಳುತ್ತದೆ, ಅಷ್ಟೇ. ಗೈಡಿನಲ್ಲಿ ಸಿಗದ ಕೆಲಸ ಕೊಡಬೇಕು. ಬಾದಾಮಿ ಚಾಲುಕ್ಯರ ಪಾಠಕ್ಕೆ ಒಂದು ತುಂಡು ಹೀಗಿರಬಹುದು: ‘ಐಹೊಳೆಯ ಮೇಗುತಿ ಗುಡಿಯ ಶಾಸನವನ್ನು ಕ್ರಿ.ಶ. 634ರ ಹೊತ್ತಿಗೆ ಬರೆದವನು ರವಿಕೀರ್ತಿ, ಇಮ್ಮಡಿ ಪುಲಕೇಶಿಯ ಆಸ್ಥಾನದವನು. ಹರ್ಷನನ್ನು ದೊರೆ ಸೋಲಿಸಿದ ಸಂಗತಿ ಅದರಲ್ಲಿದೆ. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿ ಹಿಡಿದ. (1) ಈ ಶಾಸನದಲ್ಲಿ ಆ ಸೋಲು ಏಕೆ ಇಲ್ಲ? ಎರಡು ಕಾರಣ ಹುಡುಕಿ. (2) ಪಲ್ಲವರ ಕವಿ ಬರೆದಿದ್ದರೆ ಇದೇ ಪುಲಕೇಶಿಯ ಬಗ್ಗೆ ಏನು ಹೇಳುತ್ತಿದ್ದ? ಅರ್ಧ ಪುಟ.’ ಮೊದಲ ಪ್ರಶ್ನೆಗೆ ಎಷ್ಟೋ ಮಕ್ಕಳು ‘ದೊರೆಯ ಕವಿ, ಸೋಲು ಬರೆಯಲ್ಲ’ ಎಂದಷ್ಟೇ ಬರೆದು ಮೇಲೆ ಎದ್ದುಬಿಡುತ್ತಾರೆ. ಇಸವಿ ನೋಡಿದವರಿಗೆ ಮಾತ್ರ ಶಾಸನ ಎಂಟು ವರ್ಷ ಮೊದಲಿನದು ಅನ್ನುವುದು ಹೊಳೆಯುತ್ತದೆ. ಗಣಿತಕ್ಕೆ: ಶಾಲೆಯ ಅಂಗಳವನ್ನು ಟೇಪು ಹಿಡಿದು ಅಳೆದು ಎಷ್ಟು ಗುಂಟೆ ಎಂದು ಹೇಳಿ. 33 ಅಡಿ ಉದ್ದ 33 ಅಡಿ ಅಗಲ ಒಂದು ಗುಂಟೆ, 1,089 ಚದರಡಿ, 40 ಗುಂಟೆಗೆ ಒಂದು ಎಕರೆ. ಅಂಗಳ ಚೌಕವಾಗಿರುವುದಿಲ್ಲ, ತ್ರಿಕೋನಗಳಾಗಿ ಒಡೆಯುವುದು ಅವರಿಗೆ ಬಿಟ್ಟದ್ದು.

ಬರೆದದ್ದನ್ನೆಲ್ಲ ತಿದ್ದಲು ಹೋಗಬೇಡಿ, ಅಕ್ಕೋರು ಮಾಸ್ತರರು ಎರಡೇ ತಿಂಗಳಿಗೆ ಸೋತುಹೋಗುತ್ತಾರೆ. ಐದು ತುಂಡಿಗೆ ಒಂದನ್ನು ತಾವೇ ಆರಿಸಿ ಐದು ನಿಮಿಷ ಬಾಯಿಪ್ರಶ್ನೆ ಕೇಳಲಿ. ಕಾಪಿ ಹೊಡೆದದ್ದು ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ. ಆಗ ಬೈಯುವುದು ಬೇಡ, ಚೌಕದ ಬಣ್ಣ ಅಳಿಸಿದರೆ ಸಾಕು. ಅದಕ್ಕೇ ಬಣ್ಣ ಪೆನ್ಸಿಲ್ಲಿನದಿರಲಿ.

ಇನ್ನು ಸಭೆ. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತು, 45 ನಿಮಿಷ. ನಡೆಸುವವರು ಒಬ್ಬ ವಿದ್ಯಾರ್ಥಿ, ಬರೆದುಕೊಳ್ಳುವವರು ಇನ್ನೊಬ್ಬರು, ಆರು ವಾರಕ್ಕೊಮ್ಮೆ ಬದಲು. ವಿಷಯ ಇದ್ದವರು ಎರಡು ದಿನ ಮೊದಲು ಹೆಸರು ಹಾಕಿ ಚೀಟಿ ಬರೆದು ಪೆಟ್ಟಿಗೆಗೆ ಹಾಕಬೇಕು. ಸಭೆಯ ಮೊದಲ ಹತ್ತು ನಿಮಿಷ ಹಳೆಯ ಠರಾವುಗಳಿಗೆ: ಹೋದ ವಾರ ಏನು ಒಪ್ಪಿದ್ದೆವು, ಯಾರು ಮಾಡಬೇಕಿತ್ತು, ಆಯಿತೇ. ಇದನ್ನು ಬಿಟ್ಟರೆ ಸಭೆ ಒಂದು ತಿಂಗಳೂ ಬಾಳುವುದಿಲ್ಲ. ಮಕ್ಕಳಿಗೆ ಒಂದು ವೋಟು, ಶಿಕ್ಷಕರಿಗೂ ಒಂದೇ ವೋಟು. ಆದರೆ ಶಿಕ್ಷಕರು ಕೈ ಎತ್ತುವುದು ಕೊನೆಗೆ. ಮೊದಲೇ ಎತ್ತಿದರೆ ಇಡೀ ಸಾಲು ಅದೇ ಕಡೆ ಎತ್ತುತ್ತದೆ. ಹೆಣ್ಣುಮಕ್ಕಳು ಸುಮ್ಮನೆ ಕೂತು ಹತ್ತನೇ ಇಯತ್ತೆಯ ನಾಲ್ಕು ಗಂಡುಹುಡುಗರೇ ಮಾತಾಡುವುದು ನಮ್ಮ ಕಡೆ ಗ್ಯಾರಂಟಿ. ಒಬ್ಬರಿಗೆ ಎರಡನೇ ಸಲ ಮಾತಿಗೆ ಅವಕಾಶ ಸಿಗಬೇಕಾದರೆ ಇನ್ನು ಮೂವರು ಮಾತಾಡಿರಬೇಕು ಎಂಬ ನಿಯಮ ಹಾಕಿ, ನಡೆಸುವವರ ಪಾಳಿ ಒಮ್ಮೆ ಹುಡುಗ ಒಮ್ಮೆ ಹುಡುಗಿ ಮಾಡಿ. ಮಕ್ಕಳ ಸಂಖ್ಯೆ 60 ದಾಟಿದರೆ ಈ ಸಭೆ ಆಗುವುದಿಲ್ಲ, ಅರ್ಧ ಮಂದಿಗೆ ವರ್ಷವಿಡೀ ಬಾಯಿ ತೆರೆಯುವ ಪ್ರಸಂಗವೇ ಬರುವುದಿಲ್ಲ. 45ಕ್ಕೆ ನಿಲ್ಲಿಸುವ ನಿಮ್ಮ ಲೆಕ್ಕ ಸರಿಯಾಗಿದೆ.

ಸಭೆ ನಡೆಯುವ ಕೋಣೆಯ ಗೋಡೆಗೆ ಮೂರು ಪಟ್ಟಿ ಅಂಟಿಸಿ. ಸಭೆಯೇ ತೀರ್ಮಾನಿಸುವುದು: ಗ್ರಂಥಾಲಯದ ವೇಳೆ, ಆಟದ ಸಾಮಾನು, ತರಗತಿ ಕಸ ಗುಡಿಸುವ ಪಾಳಿ, ಕೈತೋಟ, ಪ್ರವಾಸದ ಜಾಗ, ಗದ್ದಲದ ನಿಯಮ. ಸಲಹೆ ಮಾತ್ರ ಕೊಡಬಹುದಾದದ್ದು: ವೇಳಾಪಟ್ಟಿ, ಪರೀಕ್ಷೆಯ ದಿನ. ಸಭೆಗೆ ಬರಲೇಬಾರದ್ದು: ಸುರಕ್ಷತೆ, ಶುಲ್ಕ, ಸಂಬಳ, ಕಾನೂನು. ಮೂರನೇ ಪಟ್ಟಿಯನ್ನು ಮುಚ್ಚುಮರೆ ಇಲ್ಲದೆ ಮೊದಲ ದಿನವೇ ಓದಿ ಹೇಳಿ. ಆಮೇಲೆ ‘ಇದು ನಿಮ್ಮ ಕೈಯಲ್ಲಿಲ್ಲ’ ಅನ್ನುವುದಕ್ಕಿಂತ ಅದು ಎಷ್ಟೋ ಮರ್ಯಾದೆಯದ್ದು.

ಪಾಳಿ ಅಂದಾಗ ಒಂದು ಮಾತು. ಯಾವ ಕೆಲಸ ಯಾರಿಗೆ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿ, ಶಿಕ್ಷಕರ ಹೆಸರೂ ಚೀಟಿಯಲ್ಲಿರಲಿ. ‘ಯಾರಿಗೆ ಯಾವುದು ಇಷ್ಟವೋ ಅದು’ ಎಂದು ಬಿಟ್ಟರೆ ಊರಿನ ಜಾತಿ ಲೆಕ್ಕ ಸದ್ದಿಲ್ಲದೆ ಒಳಗೆ ಬರುತ್ತದೆ: ನೀರು ಬಡಿಸುವವರು ಬೇರೆ, ಕಸ ಹೊರುವವರು ಬೇರೆ. ಹುಡುಗಿಯರು ಗುಡಿಸುವುದು, ಹುಡುಗರು ಮೈಕು ಹಚ್ಚುವುದೂ ಇದೇ ಬಗೆಯದ್ದು. ಶೌಚಾಲಯ ಮಾತ್ರ ಯಾವ ಮಗುವಿನ ಪಾಳಿಗೂ ಬೇಡ, ಇಲಾಖೆ ಅದನ್ನು ಒಪ್ಪುವುದಿಲ್ಲ. ಅದಕ್ಕೆ ಸಂಬಳದ ಆಳು ಇಡಿ.

ಜಗಳ, ಕಳವು, ಹೊಡೆದಾಟಕ್ಕೆ ಐದು ಮಂದಿಯ ನ್ಯಾಯ ಸಮಿತಿ. ಚೀಟಿ ಎತ್ತಿ ತಿಂಗಳಿಗೊಮ್ಮೆ ಬದಲು, ಪ್ರತಿ ಇಯತ್ತೆಯಿಂದ ಒಬ್ಬರಾದರೂ ಇರಬೇಕು. ದೂರು ಬರಹದಲ್ಲಿ, ಎರಡೂ ಕಡೆಯವರನ್ನು ಎದುರಿಗೆ ಕೂರಿಸಿ ಕೇಳುವುದು, ತೀರ್ಪು ಒಪ್ಪದವರು ಪೂರ್ತಿ ಸಭೆಗೆ ಹೋಗಬಹುದು. ಮಕ್ಕಳು ಕೊಡುವ ಶಿಕ್ಷೆ ದೊಡ್ಡವರದಕ್ಕಿಂತ ಕಠಿಣವಾಗಿರುತ್ತದೆ ಅನ್ನುವುದು ಹೊಸಬರಿಗೆ ಆಶ್ಚರ್ಯ. ಬಸ್ಕಿ, ದಂಡದ ದುಡ್ಡು, ಊಟ ತಡೆಯುವುದು, ಯಾರೂ ಮಾತಾಡಿಸದಂತೆ ಮಾಡುವುದು ಇವು ಮೊದಲ ತಿಂಗಳೇ ಸೂಚನೆಯಾಗಿ ಬರುತ್ತವೆ. ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ನಿಷೇಧಿಸಿದೆ. ಅದನ್ನು ಮೂರನೇ ಪಟ್ಟಿಗೆ ಸೇರಿಸಿ. ಒಡೆದದ್ದನ್ನು ಸರಿಮಾಡು, ಕೆಡಿಸಿದ ಹೊತ್ತನ್ನು ಕೆಲಸವಾಗಿ ತೀರಿಸು, ಇಷ್ಟಕ್ಕೆ ಸಮಿತಿಯ ಅಧಿಕಾರ ಮುಗಿಯಬೇಕು.

ಲೈಂಗಿಕ ಕಿರುಕುಳದ ಸುಳಿವಿರುವ ಯಾವ ದೂರೂ ಈ ಸಮಿತಿಯ ಮುಂದೆ ಬರಕೂಡದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ 2012ರ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098 ಎಂದು ಎಲ್ಲರಿಗೂ ಕಾಣುವಲ್ಲಿ ಬರೆಸಿ. ‘ನಮ್ಮ ಮಕ್ಕಳೇ ಬಗೆಹರಿಸಿಕೊಳ್ಳುತ್ತಾರೆ’ ಅನ್ನುವ ಹೆಮ್ಮೆ ಇಲ್ಲಿ ಅಪಾಯ.

ದುಡ್ಡು ಕೊಡದೆ ಜವಾಬ್ದಾರಿ ಬರುವುದಿಲ್ಲ. 45 ಮಕ್ಕಳ ಸಭೆಗೆ ತಿಂಗಳಿಗೆ 1,000 ರೂಪಾಯಿ ಸಾಕು. ಪೆಟ್ಟಿಗೆಗೆ ಎರಡು ಕೀಲಿ, ಇಬ್ಬರು ವಿದ್ಯಾರ್ಥಿಗಳ ಬಳಿ ಒಂದೊಂದು. ರೋಕಡಿ ಪುಸ್ತಕ, ಪಾವತಿ ಅಂಟಿಸಲು ಒಂದು ವಹಿ, ತಿಂಗಳ ಕೊನೆಗೆ ಸಭೆಯಲ್ಲಿ ಲೆಕ್ಕ ಓದುವುದು. ಪೂರ್ತಿ 1,000 ಒಂದು ಕ್ರಿಕೆಟ್ ಬ್ಯಾಟಿಗೆ ಹೋಗಿ, ಆ ತಿಂಗಳು ಗ್ರಂಥಾಲಯದ ಪುಸ್ತಕಕ್ಕೆ ಬೈಂಡಿಂಗ್ ಆಗದಿದ್ದರೆ ಆಗದಿರಲಿ. ಟ್ರಸ್ಟಿನವರು ಕನಿಕರಪಟ್ಟು ಇನ್ನೊಂದು ಐದುನೂರು ಕೊಟ್ಟರೋ, ಕೆಲಸ ಕೆಟ್ಟಿತು. ಮುಂದಿನ ತಿಂಗಳ ಸಭೆಯಲ್ಲಿ ಹುಡುಗಿಯರು ಬ್ಯಾಟಿನ ವಿಷಯ ಎತ್ತುತ್ತಾರೆ, ಎತ್ತಲಿ ಬಿಡಿ.

ಪ್ರತಿ ಶಿಕ್ಷಕರಿಗೆ 15 ಮಕ್ಕಳ ಪಾಲಕತ್ವ ಹಂಚಿ. ವಾರಕ್ಕೆ ಮಗುವಿಗೆ ಹತ್ತು ನಿಮಿಷ, ಇಬ್ಬರೇ ಕೂತು ಕಾರ್ಡು ನೋಡುವುದು: ಯಾವ ಕಂಬ ಹಿಂದೆ, ಏಕೆ, ಈ ವಾರ ಏನು ಮೊದಲು. ದಿನಕ್ಕೆ ಮೂವರು, ಅರ್ಧ ತಾಸು. ಈ ಅರ್ಧ ತಾಸು ವೇಳಾಪಟ್ಟಿಯಲ್ಲಿ ಅಚ್ಚಾಗಿರಬೇಕು. ‘ಬಿಡುವಾದಾಗ ಮಾಡೋಣ’ ಅಂದರೆ ದಸರೆಯೊಳಗೆ ನಿಂತುಹೋಗುತ್ತದೆ.

ಎಸ್ಸೆಸ್ಸೆಲ್ಸಿಗೆ ಬರೋಣ. ಪ್ರಥಮ ಭಾಷೆಯ 125ರಲ್ಲಿ 25, ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ 100ರಲ್ಲಿ 20 ಅಂಕ ಆಂತರಿಕ ಮೌಲ್ಯಮಾಪನದ್ದು. ಕರಾರಿನ ಕೆಲಸವನ್ನೇ ರೂಪಣಾತ್ಮಕ ಮೌಲ್ಯಮಾಪನದ (ವರ್ಷದ ನಡುವೆ ಶಾಲೆಯೇ ಮಾಡುವ ಮೌಲ್ಯಮಾಪನ) ಚಟುವಟಿಕೆಯಾಗಿ ದಾಖಲಿಸಿದರೆ ಎರಡೆರಡು ಸಲ ಬರೆಸುವುದು ತಪ್ಪುತ್ತದೆ; ತಪಾಸಣೆಗೆ ಬಂದವರಿಗೆ ತೋರಿಸಲು ಫೈಲೂ ಸಿದ್ಧ. ಹತ್ತನೆಯವರಿಗೆ ನವೆಂಬರಿನಿಂದ ತಿಂಗಳ ಕರಾರನ್ನು ಎರಡು ವಾರಕ್ಕೆ ಇಳಿಸಿ. ಜನವರಿಯಿಂದ ಹಾಳೆಯಲ್ಲಿ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳೇ ಇರಲಿ: ಮೂರು ತಾಸು ಕೂತು ಬರೆಯುವುದು, ಮಾದರಿ ಉತ್ತರ ಇಟ್ಟುಕೊಂಡು ತಮ್ಮದನ್ನು ತಾವೇ ತಿದ್ದಿ ಅಂಕ ಹಾಕುವುದು, ಶಿಕ್ಷಕರು ಇನ್ನೊಮ್ಮೆ ಹಾಕುವುದು. ಎರಡು ಅಂಕಗಳ ನಡುವಿನ ಅಂತರ ಕಡಿಮೆಯಾಗುತ್ತ ಬಂದರೆ ಆ ಮಗುವಿಗೆ ತನ್ನ ಕೊರತೆ ಗೊತ್ತಿದೆ ಎಂದರ್ಥ. ಈ ಮೂರು ತಿಂಗಳು ಪರೀಕ್ಷೆಗೇ ಹೋಗುತ್ತವೆ, ಅದರಲ್ಲಿ ಆದರ್ಶ ಹುಡುಕಬೇಡಿ.

ನಿಮ್ಮ ಭಾಗಕ್ಕೆ ಈ ಪದ್ಧತಿಯ ಒಂದು ಲಾಭ ಬೇರೆ ಇದೆ. ಕಬ್ಬಿನ ಹಂಗಾಮು ಶುರುವಾದರೆ ಕೆಲವು ಮಕ್ಕಳು ಹತ್ತು ಹದಿನೈದು ದಿನ ಕಾಣುವುದಿಲ್ಲ. ಮಾಮೂಲಿ ತರಗತಿಯಲ್ಲಿ ಅವರು ತಪ್ಪಿಸಿಕೊಂಡ ಪಾಠ ತಪ್ಪಿಹೋಯಿತು. ಇಲ್ಲಿ ಬಂದ ದಿನ ಕಾರ್ಡು ತೆಗೆದರೆ ಎಲ್ಲಿ ನಿಂತಿದ್ದರೋ ಅಲ್ಲಿಂದಲೇ. ಹಾಜರಿಯ ಶೇ 75 ಮಾತ್ರ ಕಾರ್ಡು ತುಂಬಿಕೊಡುವುದಿಲ್ಲ, ಅದನ್ನು ಪಾಲಕರಿಗೆ ಅಂಕಿ ಹಿಡಿದು ಹೇಳಬೇಕು. ಪಾಲಕರ ಸಭೆಯನ್ನು ಅಮಾವಾಸ್ಯೆಗೆ ಇಡಿ, ಬಹಳ ಮನೆಗಳಲ್ಲಿ ಅಂದು ಹೊಲದ ಕೆಲಸಕ್ಕೆ ಬಿಡುವು. ನಿಮ್ಮ ಶಿಕ್ಷಣ ತತ್ವದ ಭಾಷಣ ಬೇಡ. ಮಗುವೇ ಕಾರ್ಡು ಹಿಡಿದು ತನ್ನ ಅಪ್ಪ-ಅವ್ವನಿಗೆ ‘ಇಲ್ಲಿ ಹಿಂದೆ ಬಿದ್ದೇನಿ, ಇದಕ್ಕ’ ಎಂದು ಹೇಳಲಿ. ಓದು ಬಾರದ ತಾಯಿಗೂ ಬಣ್ಣ ತುಂಬಿದ ಕಂಬ ಯಾವುದು, ಖಾಲಿ ಯಾವುದು ಅನ್ನುವುದು ಕಾಣುತ್ತದೆ.

ಅನುಮತಿಯ ವಿಷಯದಲ್ಲಿ ವಿಶೇಷವೇನಿಲ್ಲ. ಇರುವ ಶಾಲೆಗೆ ಮೇಲಿನ ಇಯತ್ತೆ ಸೇರಿಸಲು ಮುಧೋಳದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಶುರುಮಾಡಿ. ಎಂಟನೇ ಇಯತ್ತೆ ಶಿಕ್ಷಣ ಹಕ್ಕು ಕಾಯ್ದೆಯೊಳಗೇ ಬರುವುದರಿಂದ ಮಾನ್ಯತೆ ಇಲ್ಲದೆ ಒಂದು ದಿನವೂ ನಡೆಸುವಂತಿಲ್ಲ. ಅರ್ಜಿಯಲ್ಲಿ ‘ಪ್ರಯೋಗ ಶಾಲೆ’ ಎಂದೆಲ್ಲ ಬರೆದು ಅನುಮಾನ ಹುಟ್ಟಿಸಬೇಡಿ. ರಾಜ್ಯದ ಪಠ್ಯ, ರಾಜ್ಯದ ಪರೀಕ್ಷೆ, ಬಿ.ಇಡಿ ಆದ ಶಿಕ್ಷಕರು, ಅಷ್ಟೇ.

ಮೊದಲ ವರ್ಷ ಎಂಟನೆಯದನ್ನಷ್ಟೇ ತೆರೆಯಿರಿ, 15 ಮಕ್ಕಳು. ಜೂನ್-ಜುಲೈನಲ್ಲಿ ಪಾಳಿ ಮತ್ತು ಆಟದ ಸಾಮಾನು ಮಾತ್ರ ಸಭೆಗೆ ಕೊಡಿ. ಆಗಸ್ಟ್‌ನಿಂದ ಸಮಾಜ ವಿಜ್ಞಾನ, ಕನ್ನಡ ಎರಡಕ್ಕೆ ಕರಾರು ಹಾಳೆ. ಬೆತ್ತದ ಶಾಲೆಯಿಂದ ಬಂದವರಿದ್ದರೆ ಮೊದಲ ಆರೆಂಟು ವಾರ ಬೆಳಗಿನ ಎರಡು ತಾಸು ಬರೀ ಹರಟೆಯಲ್ಲಿ ಹೋಗುತ್ತದೆ, ಯಾರಾದರೂ ಬಂದು ಗದರುತ್ತಾರೋ ಎಂದು ನೋಡುತ್ತಿರುತ್ತಾರೆ. ತಡೆದುಕೊಳ್ಳಿ, ವಾರದ ಹತ್ತು ನಿಮಿಷ ಮಾತ್ರ ತಪ್ಪಿಸಬೇಡಿ. ದಸರೆ ರಜೆ ಮುಗಿದ ಮೇಲೆ ಉಳಿದ ನಾಲ್ಕು ವಿಷಯ ಮತ್ತು ನ್ಯಾಯ ಸಮಿತಿ. ದುಡ್ಡಿನ ಪೆಟ್ಟಿಗೆ ಜನವರಿಯಲ್ಲಿ, ಅಷ್ಟರೊಳಗೆ ಠರಾವು ಪುಸ್ತಕ ಬರೆಯುವ ರೂಢಿ ಆಗಿರುತ್ತದೆ.