ಆವೃತ್ತಿಗೆ ಸೀಮಿತವಾದ ಪರೀಕ್ಷೆಗಳನ್ನು ಎಲ್ಲಿ ಇಡಬೇಕು?

ತಂತ್ರಾಂಶದ ಸ್ವಯಂಚಾಲಿತ ಪರೀಕ್ಷೆಗಳಲ್ಲಿ ಎಲ್ಲ ಆವೃತ್ತಿಗಳಿಗೂ ಅನ್ವಯಿಸುವವನ್ನೂ ಒಂದೇ ಆವೃತ್ತಿಗೆ ಸೇರಿದವನ್ನೂ ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಇಡಬೇಕೇ ಎಂಬುದು ಪ್ರಶ್ನೆ. ಇದಕ್ಕೆ ಉತ್ತರಿಸುವ ಮೊದಲು, ಅದು ಯಾವುದರ ಆವೃತ್ತಿ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು.

ನಿಮ್ಮದೇ ತಂತ್ರಾಂಶದ ಆವೃತ್ತಿಯಾದರೆ ಫೋಲ್ಡರ್ ಬೇಡ. ಪರೀಕ್ಷೆಗಳು ಆಯಾ ಕೋಡ್ ಇರುವ ಗಿಟ್ ಬ್ರಾಂಚ್‌ನಲ್ಲೇ (ಕೋಡ್‌ನ ಪ್ರತ್ಯೇಕ ಕವಲಿನಲ್ಲೇ) ಇರಲಿ; ದೋಷ ಸರಿಪಡಿಸಿದ ಕಮಿಟ್ (ದಾಖಲಾದ ಬದಲಾವಣೆ) ಅನ್ನು ಹಳೆಯ ಬ್ರಾಂಚ್‌ಗೆ ಚೆರಿ-ಪಿಕ್ ಮಾಡಿದಾಗ, ಅಂದರೆ ಅದೊಂದನ್ನೇ ಆರಿಸಿ ನಕಲಿಸಿದಾಗ, ಅದೇ ಕಮಿಟ್‌ನಲ್ಲಿರುವ ಪರೀಕ್ಷೆಯೂ ತಾನಾಗಿ ಜೊತೆಗೆ ಹೋಗುತ್ತದೆ.

ಒಂದೇ ಕೋಡ್ ಪೈಥಾನ್ ಭಾಷೆಯ 3.9 ಮತ್ತು 3.12 ಆವೃತ್ತಿಗಳೆರಡರಲ್ಲೂ ನಡೆಯಬೇಕೆನ್ನುವಂತಹ ಸಂದರ್ಭವೇ ನಿಜವಾಗಿ ತೊಡಕಿನದು. ಇಲ್ಲಿ ಪರೀಕ್ಷೆಗಳನ್ನು ವಿಷಯದ ಪ್ರಕಾರ ಜೋಡಿಸಿ, ಆವೃತ್ತಿಯ ಷರತ್ತನ್ನು ಪರೀಕ್ಷೆಯ ನೆತ್ತಿಯ ಮೇಲೆಯೇ ಬರೆಯುವುದು ಲೇಸು: ಪೈಥಾನ್‌ನ ಪರೀಕ್ಷಾ ಸಾಧನವಾದ ಪೈಟೆಸ್ಟ್‌ನಲ್ಲಿ ಇದಕ್ಕೆ, ಷರತ್ತು ನಿಜವಾದರೆ ಪರೀಕ್ಷೆಯನ್ನು ಬಿಡುವ, ಸ್ಕಿಪ್‌ಇಫ್ ಎಂಬ ಗುರುತಿದೆ, ಜಾವಾದ ಪರೀಕ್ಷಾ ಸಾಧನ ಜೆಯುನಿಟ್ 5ರಲ್ಲಿ ಜಾವಾ ಆವೃತ್ತಿಯನ್ನು ನೋಡಿ ಪರೀಕ್ಷೆಯನ್ನು ನಡೆಸುವ ಅಥವಾ ಬಿಡುವ ಅನೊಟೇಶನ್‌ಗಳಿವೆ. ಷರತ್ತಿನ ಜೊತೆಗೆ ಕಾರಣವನ್ನೂ ಒಂದು ಸಾಲಿನಲ್ಲಿ ದಾಖಲಿಸಿ. ಕಾರಣವಿಲ್ಲದ ಸ್ಕಿಪ್ ಅನ್ನು ಆರು ತಿಂಗಳ ನಂತರ ತೆಗೆಯಲು ಯಾರಿಗೂ ಧೈರ್ಯವಾಗುವುದಿಲ್ಲ. ಕೋಡ್ ಬದಲಾದಾಗಲೆಲ್ಲ ಪರೀಕ್ಷೆಗಳನ್ನು ತಾನಾಗಿ ನಡೆಸುವ ಸಿಐ ವ್ಯವಸ್ಥೆಯು ಬೆಂಬಲಿತ ಆವೃತ್ತಿಗಳಲ್ಲೆಲ್ಲ ಇಡೀ ಪರೀಕ್ಷಾ ಸಮೂಹವನ್ನು ಓಡಿಸಬೇಕು; ಇಲ್ಲವಾದರೆ ಷರತ್ತು ತಪ್ಪಾಗಿ, ಎಲ್ಲಿಯೂ ನಡೆಯದೆ ಉಳಿದ ಪರೀಕ್ಷೆ ಕಣ್ಣಿಗೆ ಬೀಳುವುದೇ ಇಲ್ಲ.

ಪ್ರತ್ಯೇಕ ಫೋಲ್ಡರ್ ನನಗೆ ಸರಿಯೆನಿಸುವುದು ಒಂದೇ ಕಡೆ: ಎಪಿಐನ (ಬೇರೆ ತಂತ್ರಾಂಶಗಳು ನಿಮ್ಮದನ್ನು ಬಳಸಲು ಇರುವ ಸಂಪರ್ಕದ) ವಿ1 ಮತ್ತು ವಿ2 ಆವೃತ್ತಿಗಳು ಒಟ್ಟಿಗೆ ಬಳಕೆಯಲ್ಲಿರುವಾಗ. ಎರಡಕ್ಕೂ ಸಮಾನವಾದ ನಿಯಮಗಳನ್ನು, ಆವೃತ್ತಿಯ ಹೆಸರನ್ನು ಪ್ಯಾರಾಮೀಟರ್ ಆಗಿ ಕೊಟ್ಟು, ಒಮ್ಮೆ ಮಾತ್ರ ಬರೆದು, ವ್ಯತ್ಯಾಸಗಳನ್ನಷ್ಟೇ ಆಯಾ ಫೋಲ್ಡರ್‌ಗೆ ಸೇರಿಸಿದರೆ, ವಿ1 ನಿಂತ ದಿನ ಅದರ ಫೋಲ್ಡರ್ ಅಳಿಸಿ, ಪ್ಯಾರಾಮೀಟರ್ ಪಟ್ಟಿಯಿಂದ ಅದರ ಹೆಸರು ತೆಗೆದರೆ ಸಾಕು.